ಬಚ್ಚಲು ಕಟ್ಟಿಕೊಂಡಾಗ

ನಮ್ಮ ಮೇಲೂರಿನ ಬೋರ್‌ವೆಲ್ ನೀರಲ್ಲಿ ಸೋಪು ಉಜ್ಜಿದರೆ ನೊರೆಗಿಂತ ಮೊದಲು ಬಿಳಿ ಜಿಡ್ಡು ಬರುತ್ತದೆ. ನಂದಿಯ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂದು ಎಷ್ಟೋ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ಹೊಳೆ ನಮ್ಮ ಸೀಮೆಗಿಲ್ಲ. ಶಿಡ್ಲಘಟ್ಟದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳೇ ಗತಿ. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಹಂಡೆಯ ತಳದಲ್ಲಿ ಹಕ್ಕಳೆಗಟ್ಟುವುದು ಆ ಲವಣ. ಸೋಪಿನ ಕೊಬ್ಬಿನ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುವುದೂ ಅದೇ.

ಆ ಜಿಡ್ಡು ಇಳಿದು ಬಚ್ಚಲ ಮೂಲೆಯ ಜಾಲರಿಯ ಕೆಳಗೆ ಸೇರುತ್ತದೆ. ಅಲ್ಲಿ ಮನೆಮಂದಿಯ ಉದುರುಗೂದಲು ಆಗಲೇ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುತ್ತದೆ. ಸೀಗೆಪುಡಿಯ ಚರಟ, ಎಣ್ಣೆಯ ಪಸೆ, ಹಿಪ್ಪುನೇರಳೆ ತೋಟದಿಂದ ಕಾಲಿಗಂಟಿ ಬಂದ ಕೆಂಪು ಮಣ್ಣು, ತೆಳುವಾದ ಸೋಪಿನ ಚೂರು, ಎಲ್ಲವೂ ಒಂದಕ್ಕೊಂದು ಅಂಟಿ ಕೂರುತ್ತವೆ. ಹಲವು ದಿನ ನೀರು ಸೋಮಾರಿಯಾಗಿ ಇಳಿಯುತ್ತದೆ. ನಾವು ನೋಡಿಯೂ ಸುಮ್ಮನಿರುತ್ತೇವೆ. ಆಮೇಲೆ ಯಾವತ್ತೋ ಒಂದು ಬೆಳಿಗ್ಗೆ ಪಾದ ಮುಳುಗುವಷ್ಟು ನಿಂತುಬಿಡುತ್ತದೆ. ಮನೆಯಲ್ಲಿ ಕೂಗು ಏಳುತ್ತದೆ: ‘ಬಚ್ಚಲು ಕಟ್ಟಿಕೊಂಡಿದೆ!’

ಈ ಕೂಗು ಕೇಳಿದರೆ ನನಗೆ ಬೇಸರವಾಗುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಒಂದು ಹಳೆಯ ಮಣೆ ಹಾಕಿಕೊಂಡು ಕೂತರೆ ಮುಂದಿನ ಅರ್ಧ ಗಂಟೆ ಬೇರೆ ಯಾವ ಯೋಚನೆಯೂ ಹತ್ತಿರ ಸುಳಿಯುವುದಿಲ್ಲ. ಅಮ್ಮ ಬಾಗಿಲ ಬಳಿ ನಿಂತು ಹೇಳುತ್ತಾಳೆ: ‘ಮೊದ್ಲು ಬಿಸ್ನೀರು ಉಯ್ಯೋ, ಆಮ್ಯಾಕೆ ಕಡ್ಡಿ ಹಾಕು.’ ಅವಳ ಮಾತಿನಲ್ಲಿ ಹುರುಳಿದೆ, ಬಿಸಿನೀರಿಗೆ ಜಿಡ್ಡು ಸಡಿಲಾಗುತ್ತದೆ. ಆದರೆ ಕುದಿಯುವ ನೀರು ಬೇಡ. ಈಗಿನ ಬಚ್ಚಲುಗಳ ಕೆಳಗಿರುವುದು ಪಿವಿಸಿ ಪೈಪು. ಕುದಿನೀರಿಗೆ ಅದು ಮೆತ್ತಗಾಗುತ್ತದೆ, ಬೆಸುಗೆ ಬಿಡುತ್ತದೆ. ಹಂಡೆಯಿಂದ ತೋಡಿ ಮೈಗೆ ಹುಯ್ದುಕೊಳ್ಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಿದ್ದರೆ ಸಾಕು.

ಜಾಲರಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಕೆಳಗೆ ಕಾಣುವುದು ನಹಾನಿ ಟ್ರ್ಯಾಪು. ಇದೊಂದು ಜಾಣ ಏರ್ಪಾಟು. ನೀರು ನೇರವಾಗಿ ಓಡಿಹೋಗದೆ, ಒಂದು ಬಾಗು ದಾಟಿ, ಸ್ವಲ್ಪ ಅಲ್ಲೇ ಉಳಿದು ಹೋಗುವಂತೆ ಮಾಡಿದ್ದಾರೆ. ಉಳಿದ ಆ ನೀರೇ ಮೋರಿಯ ವಾಸನೆಗೂ ಜಿರಳೆಗೂ ಅಡ್ಡ ನಿಲ್ಲುವ ಬಾಗಿಲು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ 1775ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಬಾಗುಪೈಪಿಗೆ ಪೇಟೆಂಟ್ ಪಡೆದ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದವರಿಗೆ ಬಚ್ಚಲು ನಾರುವುದು ಆ ನೀರು ಆರಿಹೋದದ್ದರಿಂದ. ಒಂದು ಚೊಂಬು ನೀರು ಹುಯ್ದರೆ ಬಾಗಿಲು ಮತ್ತೆ ಮುಚ್ಚುತ್ತದೆ.

ಕೂದಲು ಸಿಕ್ಕಿಕೊಳ್ಳುವುದೂ ಇದೇ ಬಾಗಿನಲ್ಲಿ. ನನ್ನ ಆಯುಧ ಹಳೆಯ ಸೈಕಲ್ಲಿನ ಒಂದು ಕಡ್ಡಿ, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿದ್ದು. ಅದನ್ನು ಬಲವಾಗಿ ತುರುಕಿದರೆ ಉಂಡೆ ಇನ್ನೂ ಒಳಕ್ಕೆ ಜಾರುತ್ತದೆ. ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಹೆಂಗಸರು ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕುತ್ತಾರಲ್ಲ, ಹಾಗೆ ಇಲ್ಲಿಯೂ ತಡವಬೇಕು, ತುದಿ ಸಿಕ್ಕ ಮೇಲೆ ಅವಸರಪಡದೆ ಎಳೆಯಬೇಕು. ಬೆರಳಿಗೆ ಮೊದಲು ಒಂದು ಸಣ್ಣ ಭಾರ ತಿಳಿಯುತ್ತದೆ. ಆಮೇಲೆ ಇಡೀ ಉಂಡೆ ಬೂದುಬಣ್ಣದ ಲೋಳೆ ಸುತ್ತಿಕೊಂಡು, ಬಿಡಿಸಿಕೊಳ್ಳಲೊಲ್ಲದೆ, ಕೊನೆಗೆ ಒಮ್ಮೆಲೇ ಹೊರಗೆ ಬರುತ್ತದೆ. ಆ ಕ್ಷಣಕ್ಕೇ ನಿಂತ ನೀರು ಗಿರ್ರನೆ ಸುತ್ತಿ, ಗುಳುಗುಳು ಎಂದು ಸದ್ದು ಮಾಡಿ ಇಳಿದುಬಿಡುತ್ತದೆ. ಈ ಸದ್ದು ನನಗೆ ತುಂಬ ಇಷ್ಟ. ಕೈಯಲ್ಲಿರುವ ಉಂಡೆಯ ಬಗ್ಗೆಯೂ ಅಸಹ್ಯವಿಲ್ಲ. ಅದರಲ್ಲಿ ಅಮ್ಮನ ನರೆಗೂದಲಿದೆ, ಮಗಳ ಉದ್ದ ಕೂದಲಿದೆ. ನಿನ್ನೆಯವರೆಗೆ ಬಾಚಿ, ಎಣ್ಣೆ ಹಚ್ಚಿ, ಹೂವು ಮುಡಿಸಿದ ಕೂದಲು.

ಅಜ್ಜಿಯ ಕಾಲದ ಬಚ್ಚಲಿಗೆ ಟ್ರ್ಯಾಪೂ ಇರಲಿಲ್ಲ, ಪೈಪೂ ಇರಲಿಲ್ಲ. ಚಪ್ಪಡಿ ಹಾಸು, ಮೂಲೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಕಲ್ಲುತೊಟ್ಟಿ, ಗೋಡೆಯ ಬುಡದಲ್ಲಿ ಒಂದು ತೂತು. ಮಿಂದ ನೀರು ಆ ತೂತಿನಿಂದ ಹಿತ್ತಿಲಿಗೆ ಹರಿದು ಬಾಳೆಯ ಬುಡಕ್ಕೆ, ಅಲ್ಲಿಂದ ಕೆಸುವಿನ ಗಿಡಕ್ಕೆ, ಉಳಿದರೆ ಕನಕಾಂಬರಕ್ಕೆ. ಕಟ್ಟಿಕೊಂಡರೆ ತೆಂಗಿನ ಕಡ್ಡಿಯೊಂದೇ ಸಾಕಿತ್ತು. ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟುವಾಳ. ಅವುಗಳ ನೊರೆ ಸೋಪಿನ ನೊರೆಯಂತಲ್ಲ, ಗಡಸು ನೀರಿನ ಜೊತೆ ಜಗಳವಾಡಿ ಜಿಡ್ಡುಗಟ್ಟುವುದಿಲ್ಲ. ಈ ಊರ ನೀರಿಗೆ ಈ ಕಾಯಿಗಳು ಚೆನ್ನಾಗಿ ಒಗ್ಗಿದ್ದವು.

ಈಗ ಎಲ್ಲರೂ ಮೊದಲು ಕೈ ಚಾಚುವುದು ಆ್ಯಸಿಡ್ ಬಾಟಲಿಗೆ. ಇದನ್ನು ನಾನು ಒಪ್ಪುವುದಿಲ್ಲ. ಬಾತ್‌ರೂಮ್ ಆ್ಯಸಿಡ್ ಹಕ್ಕಳೆಯನ್ನು ತಿನ್ನುತ್ತದೆ, ಸಿಮೆಂಟನ್ನೂ ತಿನ್ನುತ್ತದೆ. ಕೂದಲುಂಡೆಯ ಎದುರು ಅದರ ಆಟ ನಡೆಯುವುದಿಲ್ಲ. ರೇಷ್ಮೆ ಬೆಳೆಗಾರರ ಮನೆಯಲ್ಲಂತೂ ಇನ್ನೊಂದು ಅಪಾಯವಿದೆ. ಹುಳುಮನೆ ಶುದ್ಧ ಮಾಡಲು ಬ್ಲೀಚಿಂಗ್ ಪೌಡರ್ ತಂದಿಟ್ಟಿರುತ್ತೇವೆ. ಅದು ಬಿದ್ದ ಬಚ್ಚಲಿಗೆ ಆ್ಯಸಿಡ್ ಸುರಿದರೆ ಎದ್ದು ಬರುವುದು ಕ್ಲೋರಿನ್ ಅನಿಲ. ಬಾಗಿಲು ಹಾಕಿದ ಸಣ್ಣ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಕಾಸ್ಟಿಕ್ ಸೋಡ ಕೂದಲನ್ನು ಕರಗಿಸುತ್ತದೆ, ನಿಜ. ಆದರೆ ನೀರು ತಾಗಿದೊಡನೆ ಕಾದು, ಸಿಡಿದರೆ ಕಣ್ಣನ್ನೂ ಬಿಡುವುದಿಲ್ಲ. ಒಂದು ಸೈಕಲ್ ಕಡ್ಡಿ ಮಾಡುವ ಕೆಲಸಕ್ಕೆ ಇಷ್ಟೆಲ್ಲ ವಿಷ ಯಾಕೆ ಬೇಕು?

‘ಯಾರನ್ನಾದರೂ ಕರೆಸಬಾರದೆ?’ ಎಂದು ಕೇಳುವವರಿದ್ದಾರೆ. ಪೈಪು ಒಡೆದರೆ ಪ್ಲಂಬರನ್ನು ಕರೆಯುತ್ತೇನೆ, ಅದು ಅವರ ವಿದ್ಯೆ. ಆದರೆ ನಮ್ಮ ಕೂದಲು, ನಮ್ಮ ಮೈಯ ಕೊಳೆ ತೆಗೆಯಲು ಇನ್ನೊಬ್ಬರ ಕೈ ಯಾಕೆ? ಗಲೀಜಿಗೆ ಕೈ ಹಾಕುವ ಕೆಲಸವನ್ನು ನಮ್ಮ ಸಮಾಜ ತಲೆತಲಾಂತರದಿಂದ ಕೆಲವೇ ಜಾತಿಗಳ ಪಾಲಿಗೆ ಹಚ್ಚಿತು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾಯ್ದೆ ಬಂದದ್ದು 1993ರಲ್ಲಿ. 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ನಮ್ಮ ಮನೆಯ ಉಂಡೆ ನಮ್ಮ ಮನೆಯಲ್ಲೇ ಉಳಿದರೆ ಮುಂದಿನ ಮೋರಿಗೆ ಅಷ್ಟು ಭಾರ ಕಡಿಮೆ.

ಹರಿದುಹೋದ ನೀರು ಎಲ್ಲಿಗೂ ಹೋಗಿಬಿಡುವುದಿಲ್ಲ ಎಂಬುದು ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ ನಮ್ಮ ಕಡೆಯ ಕೆರೆಗಳಿಗೆ ಪಂಪು ಮಾಡಬೇಕೆಂದು ಎಚ್‌ಎನ್ ವ್ಯಾಲಿ ಯೋಜನೆ ಮಾಡಿದರು. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ಇಲ್ಲಿನ ರೈತರು ಕೇಳುತ್ತಲೇ ಬಂದಿದ್ದಾರೆ, ಕೇಳುವುದು ನ್ಯಾಯವೇ. ಹೆಬ್ಬಾಳದ ಯಾವುದೋ ಅಪಾರ್ಟ್‌ಮೆಂಟಿನ ಬಾತ್‌ಟಬ್ಬಿನಿಂದ ಇಳಿದ ನೀರು, ಅದರೊಳಗೆ ಯಾರೋ ಸುರಿದ ಡ್ರೈನ್ ಕ್ಲೀನರು, ಸುತ್ತಿಬಳಸಿ ನಮ್ಮ ಕೆರೆಯಂಗಳ ಸೇರಬಲ್ಲದು. ಅಲ್ಲಿ ಇಂಗಿದ್ದು ಎಂದಾದರೂ ನಮ್ಮ ಬೋರ್‌ವೆಲ್ಲಿಗೂ ಬರಬಹುದು. ಬೆಂಗಳೂರಿನವರಿಗೆ ಬುದ್ಧಿ ಹೇಳುವ ಮೊದಲು ನನ್ನ ಬಚ್ಚಲ ನೀರು ನೆಟ್ಟಗಿರಬೇಕು ಎಂದು, ಪೈಪನ್ನು ಮೋರಿಯಿಂದ ತಪ್ಪಿಸಿ ಹಿತ್ತಿಲಿಗೆ ತಿರುಗಿಸಿದ್ದೇನೆ. ನರೇಗಾದಲ್ಲಿ ಬಚ್ಚಲುಗುಂಡಿ ತೋಡಿಸಲು ಪಂಚಾಯಿತಿಗಳು ಹಣ ಕೊಟ್ಟದ್ದು ಒಳ್ಳೆಯ ಕೆಲಸ. ಜಾಗವಿದ್ದವರು ಗುಂಡಿಯ ಪಕ್ಕ ಒಂದು ಬಾಳೆ ಕಂದನ್ನೂ ನೆಟ್ಟರೆ ಇನ್ನೂ ಒಳ್ಳೆಯದು.

ನೀರು ತುಂಬುವ ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗುತ್ತೇವೆ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತೇವೆ, ಕೊರಳಿಗೆ ಹಾಗಲಬಳ್ಳಿ ಸುತ್ತುತ್ತೇವೆ. ಮಾರನೆಯ ನಸುಕಿಗೆ ಇಡೀ ಮನೆ ಎಣ್ಣೆ ಹಚ್ಚಿಕೊಂಡು ಮೀಯುತ್ತದೆ, ಅಷ್ಟೂ ಎಣ್ಣೆ ಇಳಿಯುವುದು ಅದೇ ಜಾಲರಿಗೆ. ಈ ಸಲ ಹಂಡೆ ಬೆಳಗುವ ಮುನ್ನ ಜಾಲರಿ ಎತ್ತಿ, ಕೊಕ್ಕೆ ಹಾಕಿ ಒಮ್ಮೆ ಎಳೆಯಿರಿ. ಆ್ಯಸಿಡ್ ಮಾತ್ರ ಮನೆಗೆ ತರಬೇಡಿ.