ಹಿಮಕ್ಕೊಂದು ಗೇರು, ಮೂಲೆಗೆ ನಾಲ್ಕು ಸಲಿಕೆ

ಕೆನಡಾದ ಒಟ್ಟಾವಾ ಅಂದ್ರೆ ಪ್ರವಾಸಿಗರಿಗೆ ನೆನಪಾಗೋದು ಪಾರ್ಲಿಮೆಂಟ್ ಭವನ, ಟ್ಯುಲಿಪ್ ಹೂಗಳು, ಚಳಿಗಾಲದಲ್ಲಿ 7.8 ಕಿ.ಮೀ. ಉದ್ದದ ಸ್ಕೇಟಿಂಗ್ ಹಾದಿಯಾಗುವ ರಿಡೋ ಕಾಲುವೆ. ಕೆಲಸಕ್ಕೆಂದು ಇಲ್ಲಿಗೆ ಬಂದ ನನಗೆ ಈ ಊರು ಇನ್ನೊಂದು ಕಾರಣಕ್ಕೂ ಇಷ್ಟ. ದಿನಬಳಕೆಗೆ ಒಗ್ಗುವಂಥ ಮೊದಲ ಪವರ್ ವೀಲ್‌ಚೇರ್‌ಗಳಲ್ಲೊಂದು ರೂಪುಗೊಂಡಿದ್ದು ಇಲ್ಲೇ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ, ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ಜಾರ್ಜ್ ಕ್ಲೈನ್ ಮತ್ತು ತಂಡ 1950ರ ದಶಕದಲ್ಲಿ ಅದನ್ನು ರೂಪಿಸಿತು. ಸ್ವಾರಸ್ಯ ನೋಡಿ, ವಿಮಾನದ ಸ್ಕೀಗಳಿಗಾಗಿ ಹಿಮದ ಗುಣವನ್ನು ಅಧ್ಯಯನ ಮಾಡಿದ್ದವರೂ ಇದೇ ಕ್ಲೈನ್. ಗೇರ್ ವಿನ್ಯಾಸದಲ್ಲೂ ಪಳಗಿದ ಕೈ.

ಹಿಮ, ಗೇರು, ವೀಲ್‌ಚೇರು ಮೂರೂ ಒಟ್ಟಾದರೆ ಏನಾಗುತ್ತೆ ಅನ್ನೋದು ನನಗೆ ತಿಳಿದಿದ್ದು ನಮ್ಮದೇ ಕಟ್ಟಡದಲ್ಲಿರುವ ಹಿರಿಯ ಸಹೋದ್ಯೋಗಿಯಿಂದ. ಅವರ ಮನೆಯಿಂದ ಬಸ್ ಸ್ಟಾಪಿಗೆ ಬರೀ 400 ಮೀಟರ್. ಆದರೆ ಮೈನಸ್ 20 ಡಿಗ್ರಿಯಲ್ಲಿ ನಡುದಾರಿಯಲ್ಲಿ ಕುರ್ಚಿ ಹೂತುಹೋದರೆ, ಬೆರಳು ಮರಗಟ್ಟಿ ಜಾಯ್‌ಸ್ಟಿಕ್ ಹಿಡಿಯೋಕೂ ಆಗಲ್ಲ, ಫೋನ್ ಮಾಡೋಕೂ ಆಗಲ್ಲ. ಹಾಗಂತ ನಾಲ್ಕು ತಿಂಗಳು ಮನೆಯಲ್ಲೇ ಕೂರೋಕಾಗುತ್ತಾ?

ಅದಕ್ಕೇ ವೀಲ್‌ಚೇರ್ ರಿಪೇರಿ ಗೊತ್ತಿದ್ದ ತಂತ್ರಜ್ಞರೊಬ್ಬರನ್ನು ಕರೆಸಿ, ತಮ್ಮ ಹಳೇ ಕುರ್ಚಿಯನ್ನು ಹಿಮಕ್ಕೆ ಹೊಂದಿಸಿಕೊಂಡರು. ನನ್ನದು ಬಿಚ್ಚಿದ ಬೋಲ್ಟುಗಳನ್ನು ಕಾಯುವ ಕೆಲಸ!

ಎಲ್ಲರಿಗೂ ಮೊದಲು ಹೊಳೆಯೋದು ದೊಡ್ಡ, ಅಗಲದ ಟೈರ್. ಆದರೆ 12 ಇಂಚಿನ ಚಕ್ರದ ಜಾಗಕ್ಕೆ 15 ಇಂಚಿನದು ಹಾಕಿದರೆ, ಮೋಟರ್ ಅದೇ ಇದ್ದಾಗ ನೆಲವನ್ನು ತಳ್ಳುವ ಬಲ ಶೇ 20ರಷ್ಟು ಇಳಿಯುತ್ತೆ. ಹಿಮದಲ್ಲಿ ಬೇಕಿರೋದು ಅದರ ಉಲ್ಟಾ. ಹಾಗಾಗಿ ಗೇರ್‌ಬಾಕ್ಸನ್ನೂ ಬದಲಿಸಬೇಕಾಯ್ತು: 20:1 ಇದ್ದದ್ದು 30:1 ಆಯ್ತು. ಲೆಕ್ಕ ಹಾಕಿದರೆ ತಳ್ಳುವ ಬಲ ಮೊದಲಿಗಿಂತ ಶೇ 20 ಹೆಚ್ಚು, ವೇಗ ಸುಮಾರು ಶೇ 17 ಕಡಿಮೆ. ಗಕ್ಕನೆ ಹೊರಟರೆ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತೆ. ಅದಕ್ಕೆ ಕಂಟ್ರೋಲರ್‌ನಲ್ಲಿ ಶುರುವಿನ ವೇಗವರ್ಧನೆಯನ್ನೂ ಮೆತ್ತಗೆ ಮಾಡಿದರು. ಕುರ್ಚಿ ಎತ್ತರವಾದ್ದರಿಂದ ಹಿಂದಕ್ಕೆ ಮಗುಚುತ್ತದೆಯೇ ಅಂತ ಇಳಿಜಾರಿನಲ್ಲಿ ನೋಡಿದರು. ಚಳಿಗೆ ಬ್ಯಾಟರಿಯ ದಮ್ಮೂ ಕಡಿಮೆ; ಬೇಸಿಗೆಯಲ್ಲಿ ಹೋಗುವುದರ ಅರ್ಧ ದೂರವಷ್ಟೇ ಅವರ ಲೆಕ್ಕ.

ಆಳ ಹಿಮ ಬಂದರೆ ಅವರು ರಿವರ್ಸ್‌ನಲ್ಲಿ ಹೋಗುತ್ತಾರೆ! ಮುಂದಿನ ಪುಟ್ಟ ಕ್ಯಾಸ್ಟರ್ ಗಾಲಿಗಳು ನೇಗಿಲಿನ ಹಾಗೆ ಹಿಮ ಉಳುತ್ತವೆ. ಹಿಮ್ಮುಖ ಹೊರಟರೆ ದೊಡ್ಡ ಚಕ್ರಗಳೇ ದಾರಿ ಮಾಡುತ್ತವೆ, ಪುಟ್ಟವು ಅವುಗಳ ಜಾಡಲ್ಲೇ ಎಳೆದುಕೊಂಡು ಬರುತ್ತವೆ.

ಇಷ್ಟೆಲ್ಲ ಆದಮೇಲೂ ಈ ಕುರ್ಚಿ ಸೋಲೋದು ಒಂದೇ ಕಡೆ. ಪ್ಲೌ ಗಾಡಿ ರಸ್ತೆಯ ಹಿಮ ತಳ್ಳಿಕೊಂಡು ಹೋದಾಗ, ಫುಟ್‌ಪಾತ್ ಇಳಿಯುವ ಮೂಲೆಯಲ್ಲಿ ಮೊಣಕಾಲೆತ್ತರದ ದಿಬ್ಬ ಉಳಿಯುತ್ತೆ. ರಾತ್ರಿ ಕಳೆದರೆ ಕಲ್ಲು. ಅದನ್ನು ದಾಟಿಸುವ ಗೇರ್ ಯಾವುದೂ ಇಲ್ಲ.

ಹಿಮದ ಊರಲ್ಲಿರುವ ಕನ್ನಡಿಗರೇ, ಬೆಳಿಗ್ಗೆ ಕಾರಿನ ಸುತ್ತ ಹಿಮ ತೆಗೀತೀರಲ್ಲ, ಹಾಗೇ ಆ ಮೂಲೆಗೂ ನಾಲ್ಕು ಸಲಿಕೆ ಹಾಕಿ. ಒಂದು ಮೀಟರ್ ಅಗಲ ಸಾಕು. ಉಳಿದ ದಾರಿಯನ್ನು ಅವರ ಗೇರ್‌ಬಾಕ್ಸ್ ನೋಡಿಕೊಳ್ಳುತ್ತೆ.