ಅಪ್ಪನ ಯೆಜ್ಡಿಗೆ ಹೊಸ ಚೈನು

ರಾಮಸಮುದ್ರ
5 ಮೇ 2025, ಸೋಮವಾರ

ರಾತ್ರಿ ಎರಡಕ್ಕೆ ತ್ರೀಫೇಸ್ ಕರೆಂಟ್ ಬಂತು. ಮೆಣಸಿನ ಮಡಿಗೆ ನೀರು ಹಾಯಿಸಲು ಅಪ್ಪನ ಯೆಜ್ಡಿ ಬೈಕ್ ಹತ್ತಿ ಹೊರಟೆ. ಹೊಲದ ದಾರಿಯ ಏರಿನಲ್ಲಿ ಎಕ್ಸಲೇಟರ್ ಕೊಟ್ಟ ಕೂಡಲೇ ಟಕ್ ಟಕ್ ಎಂದು ಚೈನು ಹಲ್ಲು ಹಾರಿತು. ಎಡಗಡೆ ಸೈಲೆನ್ಸರ್ ತಳದಲ್ಲಿ ತುಕ್ಕು ತಿಂದು ತೂತಾಗಿದೆ. ಅದರ ಸದ್ದಿಗೆ ಓಣಿಯಲ್ಲಿ ಎರಡು ಮನೆಯ ದೀಪ ಹೊತ್ತಿದವು. ಆ ಮನೆಗಳಲ್ಲಿ ಒಂದರಲ್ಲಿ ಬಾಣಂತಿ ಇದ್ದಾಳೆ. ಮನಸ್ಸಿಗೆ ಬಹಳ ಕೆಟ್ಟದೆನಿಸಿತು. ರಿಪೇರಿಯನ್ನು ಇನ್ನು ಮುಂದೂಡುವುದಿಲ್ಲ.

7 ಮೇ, ಬುಧವಾರ

ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ ಚೈನ್ ಕವರ್ ಬಿಚ್ಚಿದೆ. ಯೆಜ್ಡಿಯ ಚೈನು ಹೊರಗೆ ಕಾಣುವುದಿಲ್ಲ. ಮೇಲೂ ಕೆಳಗೂ ರಬ್ಬರಿನ ಕೊಳವೆ, ಹಿಂದೆ ತಗಡಿನ ಕವರು. ನಮ್ಮ ಎರೆ ಮಣ್ಣಿನ ದೂಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೆ ರಬ್ಬರು ಬಿರುಕು ಬಿಟ್ಟು ಎಷ್ಟು ದಿನವಾಗಿತ್ತೋ! ಒಳಗೆ ಗ್ರೀಸೂ ದೂಳೂ ಕಲೆತು ಕರೀ ಅರಲಾಗಿದೆ. ಬೆರಳ ನಡುವೆ ತಿಕ್ಕಿದರೆ ಮರಳಿನ ಹಾಗೆ ಕೊರೆಯುತ್ತದೆ. ಚೈನನ್ನು ತಿಂದದ್ದು ಇದೇ.

ಸೀಮೆಎಣ್ಣೆಯಲ್ಲಿ ತೊಳೆದು ಅಳೆದೆ. ಅರ್ಧ ಇಂಚಿನ ಕೊಂಡಿ, ಅಂದರೆ 12.7 ಮಿ.ಮೀ. ಇಪ್ಪತ್ತು ಕೊಂಡಿಗೆ 254 ಇರಬೇಕು, ಇದು 261 ತೋರಿಸಿತು. ನೂರಕ್ಕೆ ಎರಡರಷ್ಟು ಹಿಗ್ಗಿ 259 ಆದರೇ ತೆಗೆದುಹಾಕಬೇಕು ಎನ್ನುತ್ತಾರೆ. ಹಿಗ್ಗುವುದು ಕಬ್ಬಿಣವಲ್ಲ. ಪ್ರತಿ ಕೊಂಡಿಯ ಪಿನ್ನೂ ಬುಶ್ಶೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಇಷ್ಟು ಉದ್ದವಾಗುತ್ತದೆ.

ಹಿಂದಿನ ಹಲ್ಲುಗಾಲಿ, ಅಂದರೆ ಸಾಕೆಟ್‌ನ ಹಲ್ಲುಗಳು ಒಂದೇ ಕಡೆಗೆ ಬಾಗಿ ಕುಡುಗೋಲಿನ ಮೂತಿಯಾಗಿವೆ. ಹೋದ ವರ್ಷ ದುಡ್ಡು ಉಳಿಸಲು ಹೋಗಿ ಚೈನು ಮಾತ್ರ ಬದಲಿಸಿದ್ದೆ. ಹಳೆಯ ಹಲ್ಲು ಹೊಸ ಕೊಂಡಿಯನ್ನು ಒಂದೇ ವರ್ಷದಲ್ಲಿ ತನ್ನ ಅಳತೆಗೆ ಎಳೆದುಕೊಂಡಿತು. ತಪ್ಪು ನನ್ನದೇ.

11 ಮೇ, ಭಾನುವಾರ

ಯಾದಗಿರಿಗೆ ಹೋಗಿ ಮಿಸ್ತ್ರಿ ಚಾಚಾಗೆ ತೋರಿಸಿದೆ. ಅಪ್ಪ 1992ರಲ್ಲಿ ಗಾಡಿ ತಂದಾಗಿನಿಂದ ಅದರ ನಾಡಿ ಬಲ್ಲವರು. ಆಗ ನಮ್ಮದು ಕಲಬುರಗಿ ಜಿಲ್ಲೆ, ಅದಕ್ಕೇ ನಂಬರ್ ಪ್ಲೇಟಿನಲ್ಲಿ ಕೆಎ 32 ಇದೆ. ಈಗಿನ ಗಾಡಿಗಳಿಗೆ 33.

“ಚೈನ್ ಒಂದ ಹಾಕ್ರಿ ಅಂದ್ರ ನಾ ಹಾಕಂಗಿಲ್ಲ ನೋಡು ತಮ್ಮಾ. ಮೂರೂ ಕೂಡೇ ಸವದಾವ, ಮೂರೂ ಕೂಡೇ ಹೋಗ್ಬೇಕು.” ಮೂರು ಎಂದರೆ ಚೈನು, ಮುಂದಿನ ಸಾಕೆಟ್, ಹಿಂದಿನ ಸಾಕೆಟ್.

ಮುಂದಿನ ಸಾಕೆಟ್‌ಗೆ ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿದರೆ ಚೀಲ ಹೇರಿದಾಗ ಎಳೆತ ಹೆಚ್ಚಾದೀತಲ್ಲ ಎಂದು ಕೇಳಿದೆ. ಹೌದು, ಹೊಲದ ದಾರಿಯಲ್ಲಿ ಸುಖವೇ. ಆದರೆ ಡಾಂಬರು ರಸ್ತೆಯಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು, ಪೆಟ್ರೋಲೂ ಹೆಚ್ಚು. ಮುಂದೆ ಒಂದು ಹಲ್ಲು ಕಳೆದರೆ ಹಿಂದೆ ಎರಡು ಮೂರು ಹಲ್ಲು ಕೂಡಿಸಿದಂತೆ. “250 ಸಿಸಿ ಐತಿ, ಎರಡು ಚೀಲ ತೊಗರಿ ಅದಕ್ಕ ಯಾವ ಲೆಕ್ಕ?” ಎಂದರು ಚಾಚಾ. ಕಂಪನಿ ಇಟ್ಟ ಲೆಕ್ಕವನ್ನೇ ಇಡುವುದೆಂದು ತೀರ್ಮಾನಿಸಿದೆ.

14 ಮೇ, ಬುಧವಾರ

ಬೆಂಗಳೂರಿನಲ್ಲಿರುವ ಅಳಿಯನಿಗೆ ಫೋನು ಮಾಡಿ ಜೆ.ಸಿ. ರಸ್ತೆಯಲ್ಲಿ ವಿಚಾರಿಸಲು ಹೇಳಿದೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದವಲ್ಲ, ಅವುಗಳ ಸಾಮಾನು ಆಗುವುದಿಲ್ಲವೇ ಎಂದ. ಅವು ನಾಲ್ಕು ಸ್ಟ್ರೋಕಿನವು, ನಮ್ಮದಕ್ಕೆ ಏನೂ ಕೂಡುವುದಿಲ್ಲ. ನಮ್ಮ ಗಾಡಿ ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಗಾಡಿ ಮಾಡತೊಡಗಿ 1996ರಲ್ಲಿ ಬಾಗಿಲು ಹಾಕಿತು. ನಮ್ಮ ಯಾದಗಿರಿಗೂ ಯಾದವಗಿರಿ ಎಂಬ ಹಳೆಯ ಹೆಸರುಂಟು. ಆ ಯಾದವಗಿರಿಯಿಂದ ಈ ಯಾದವಗಿರಿಗೆ ಬಂದ ಗಾಡಿ ಎಂದು ಅಪ್ಪ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು!

ಅಳಿಯನಿಗೆ ಎರಡು ಪರೀಕ್ಷೆ ಹೇಳಿಕೊಟ್ಟೆ. ಸಾಕೆಟ್‌ನ ಹಲ್ಲಿಗೆ ಅರ ಹಚ್ಚಿದರೆ ಜಾರಬೇಕು, ಕೊರೆದರೆ ಹದ ಹಾಕಿಲ್ಲವೆಂದರ್ಥ. ಚೈನನ್ನು ಅಡ್ಡ ಮಗ್ಗುಲಾಗಿ ಹಿಡಿದರೆ ನೆಟ್ಟಗೆ ನಿಲ್ಲಬೇಕು, ಬಿಲ್ಲಿನ ಹಾಗೆ ಜೋತುಬಿದ್ದರೆ ಬೇಡ.

18 ಮೇ, ಭಾನುವಾರ

ಸೈಲೆನ್ಸರ್ ವಿಷಯಕ್ಕೆ ಮನೆಯಲ್ಲಿ ಚರ್ಚೆ. ಮಗನಿಗೆ ಒಳಗೆ ಸದ್ದು ತಡೆಯುವ ಬ್ಯಾಫಲ್ ಇಲ್ಲದ ಬರೀ ಕೊಳವೆ ಬೇಕು. “ಅಪ್ಪಾ, ಸೌಂಡ್ ಹೆಂಗ ಬರ್ತದ ಗೊತ್ತೇನ್?” ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಎರಡು ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಬರೀ ಸದ್ದು ಮುಚ್ಚುವ ಡಬ್ಬಿಯಲ್ಲ. ಹೊಗೆ ಹೊರಡುವ ಕಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುತ್ತಿರುತ್ತದೆ. ಅದರಲ್ಲಿ ಒಂದಿಷ್ಟು ಹೊಗೆಯ ಬೆನ್ನಿಗೇ ಹೊರಗೆ ನುಗ್ಗುತ್ತದೆ. ಸೈಲೆನ್ಸರ್‌ನಿಂದ ಮರಳಿ ಬರುವ ಒತ್ತಡದ ಅಲೆ ಅದನ್ನು ಒಳಗೆ ತಳ್ಳುತ್ತದೆ. ಕೊಳವೆಯ ಉದ್ದ, ಒಳಗಿನ ಆಕಾರ ತಪ್ಪಿದರೆ ಸದ್ದು ಏರಿ ಶಕ್ತಿ ಇಳಿಯುತ್ತದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ ರಾತ್ರಿ ಎರಡಕ್ಕ ಹೋಗಾವ ನೀನೇ ಅಲ್ಲ” ಎಂದ. ಆ ಮಾತಿಗೆ ನನಗೆ ಬಹಳ ಸಮಾಧಾನವಾಯಿತು.

ಈ ಗಾಡಿಗೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಬಲಗಡೆಯದು ಬೆರಳಿನಿಂದ ತಟ್ಟಿದರೆ ಗಟ್ಟಿ ತಗಡು, ಮಸಿ ಮಾತ್ರ ಕಟ್ಟಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಇರಲೆಂದು ಒಂದು ಮುಚ್ಚಳ ಹೆಚ್ಚು ಹಾಕಿದ್ದರ ಫಲ. ಅದನ್ನು ಉಳಿಸಿಕೊಳ್ಳುತ್ತೇನೆ. ಎಡಗಡೆಯದು ಮಾತ್ರ ಹೊಸದು, ಬಲಗಡೆಯದರ ಉದ್ದ ಮತ್ತು ತೂಕಕ್ಕೆ ಸರಿಹೊಂದುವಂಥದ್ದು. ಕೂಡಿ ಸವೆದದ್ದನ್ನು ಕೂಡಿಯೇ ಬದಲಿಸಬೇಕು, ಗಟ್ಟಿ ಉಳಿದದ್ದನ್ನು ಜೋಡಿಯ ನೆಪಕ್ಕೆ ಎಸೆಯಬಾರದು.

25 ಮೇ, ಭಾನುವಾರ

ಸಾಮಾನು ಬಂದಿತ್ತು, ಇವತ್ತು ಜೋಡಿಸಿದೆವು. ಬಲಗಡೆ ಸೈಲೆನ್ಸರ್‌ಗೆ ರಾತ್ರಿಯಿಡೀ ಕಾಸ್ಟಿಕ್ ಸೋಡಾ ನೀರು ತುಂಬಿಟ್ಟಿದ್ದೆ. ಕೈಗೆ ರಬ್ಬರ್ ಗವಸು ಹಾಕಿಕೊಂಡು, ನೀರಿಗೆ ಸೋಡಾ ಸುರಿದೆ, ಸೋಡಾಕ್ಕೆ ನೀರಲ್ಲ. ಬೆಳಿಗ್ಗೆ ಬಗ್ಗಿಸಿದರೆ ಡಾಂಬರಿನಂಥ ಮಸಿ ಇಳಿಯಿತು.

ಚೈನ್ ಲಾಕ್ ಹಾಕುವ ಕೆಲಸವನ್ನು ಚಾಚಾ ನನ್ನ ಮಗನಿಗೆ ಕೊಟ್ಟರು. ಲಾಕಿನ ಮುಚ್ಚಿದ ಮುಖ ಚೈನು ಓಡುವ ಕಡೆಗೆ, ಸೀಳಿದ ಬಾಲ ಹಿಂದಕ್ಕೆ. ತಿರುವು ಮುರುವಾದರೆ ಏನಾದರೂ ತಗುಲಿ ಕಳಚಿಬಿದ್ದೀತು. ಅವನು ಎರಡು ಸಲ ಗಾಲಿ ತಿರುಗಿಸಿ ದಿಕ್ಕು ನೋಡಿಯೇ ಒತ್ತಿದ. ಚೈನಿಗೆ 20 ಮಿ.ಮೀ. ಆಸುಪಾಸು ಸಡಿಲ ಬಿಟ್ಟೆವು. ಬಿಗಿಯಾದರೆ ಕುಣಿಗೆ ಬಿದ್ದಾಗಲೆಲ್ಲ ಗೇರ್‌ಬಾಕ್ಸಿನ ಬೇರಿಂಗ್ ನರಳುತ್ತದೆ. ರಬ್ಬರ್ ಕೊಳವೆಗಳೂ ಹೊಸವು.

11 ಜೂನ್, ಬುಧವಾರ, ಕಾರ ಹುಣ್ಣಿಮೆ

ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿದ ಮೇಲೆ ಗಾಡಿಯನ್ನೂ ತೊಳೆದೆವು. ಹೊಸ ಚೈನು ಮೊದಲ ದಿನಗಳಲ್ಲಿ ಸ್ವಲ್ಪ ಕೂರುತ್ತದೆ, ಬಿಗಿ ನೋಡಿ ಸರಿಮಾಡಿದೆ. ನಿನ್ನೆ ರಾತ್ರಿ ಎರಡಕ್ಕೆ ಹೋಗಿಬಂದೆ. ಓಣಿಯಲ್ಲಿ ಒಂದು ದೀಪವೂ ಹೊತ್ತಲಿಲ್ಲ.

ಹಳೆಯ ಚೈನಿನ ಇಪ್ಪತ್ತು ಕೊಂಡಿ ಕತ್ತರಿಸಿ, ಎಣ್ಣೆ ಒರೆಸಿ, ಕೊಟ್ಟಿಗೆಯ ಮೊಳೆಗೆ ತೂಗುಹಾಕಿದ್ದೇನೆ. ಪಕ್ಕದ ಗೋಡೆಗೆ ಮಗ ಸುಣ್ಣದಲ್ಲಿ ಎರಡು ಗೆರೆ ಎಳೆದು 254, 259 ಎಂದು ಬರೆದಿದ್ದಾನೆ. ಮುಂದಿನ ಸಲ ಅಳೆಯುವವನು ಅವನೇ.