ಯುದ್ಧಕ್ಕೆ ಹೋಗದ ಗ್ಲೈಡರ್

ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ನಿಪ್ಪಾಣಿಯ ನಮ್ಮ ಶಾಲೆಯ ಮಕ್ಕಳಿಗೆ ನಾನೊಂದು ಗ್ಲೈಡರಿನ ಕಥೆ ಹೇಳುತ್ತೇನೆ. ವಾಲಚಂದ ಹೀರಾಚಂದರು ಮೈಸೂರು ಸರಕಾರದೊಡನೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆ ತೆಗೆದರು. ಅಲ್ಲಿ ಡಾ. ವಿ. ಎಂ. ಘಾಟಗೆಯವರು ಸೈನಿಕರನ್ನು ಸಾಗಿಸಲೆಂದು ಹತ್ತು ಆಸನಗಳ ಗ್ಲೈಡರ್ ರೂಪಿಸಿದರು. ಅದಕ್ಕೆ ಎಂಜಿನ್ ಇಲ್ಲ. ಬೇರೆ ವಿಮಾನ ಎಳೆದೊಯ್ದು ಬಿಟ್ಟರೆ ಹದ್ದಿನಂತೆ ತೇಲಿ ಇಳಿಯಬೇಕು. ಕಟ್ಟಿದ್ದು ಒಂದೇ. ಕಾರಖಾನೆಗೆ ಯುದ್ಧವಿಮಾನಗಳ ದುರಸ್ತಿಯೇ ಮುಖ್ಯ ಕೆಲಸವಾಯಿತು. ಗ್ಲೈಡರ್ ರಣರಂಗ ಕಾಣಲೇ ಇಲ್ಲ.

“ಹಂಗಾದ್ರ ಮಾಡಿದ್ದೆಲ್ಲಾ ದಂಡ ಆತಲ್ರೀ ಅಕ್ಕೋರ?” ಎಂದಳು ಒಬ್ಬ ಹುಡುಗಿ. ಬೀಡಿ ಕಟ್ಟುವವಳ ಮಗಳು. ಹತ್ತನೆಯ ಇಯತ್ತೆ ಮುಗಿದರೆ ರಾಯಬಾಗದ ವರನಿಗೆ ಕೊಡುವ ಮಾತು ನಡೆದಿತ್ತು. ಅವಳು ಯಾವುದರ ಬಗ್ಗೆ ಕೇಳಿದಳೆಂದು ನನಗೆ ತಿಳಿಯಿತು. ನನ್ನ ಬಿ.ಎಡ್. ಸರ್ಟಿಫಿಕೇಟೂ ಮದುವೆಯಾದ ಮೇಲೆ ಒಂಬತ್ತು ವರ್ಷ ಅಥಣಿಯ ಮನೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು.

“ಇಲ್ಲವ್ವಾ, ಅದ ಘಾಟಗೆಯವರು ಮಾಡಿದ ಎಚ್‌ಟಿ-2 ವಿಮಾನ 1951ರಾಗ ಹಾರಿತು. ಕಲಿತದ್ದು ದಂಡ ಆಗಂಗಿಲ್ಲ,” ಎಂದೆ.

ಆ ಸಂಜೆ ಅವಳ ಮನೆಗೆ ಹೋದೆ. ತಾಯಿ ಬೀಡಿ ಕಟ್ಟುತ್ತಲೇ ನನ್ನ ಮಾತು ಕೇಳಿದಳು. ಕಡೆಗೆ ಮೊರ ಪಕ್ಕಕ್ಕಿಟ್ಟು, “ಪಿಯುಸಿ ತನಕ ಓದ್ಲಿ ತಗೋರಿ. ಆಮ್ಯಾಲ ನೋಡೋಣು,” ಎಂದಳು.